ಛೇದ ಬೇರೆಯಾದಾಗ ಭಿನ್ನರಾಶಿಗಳನ್ನು ಕೂಡುವುದು ಹೇಗೆ, ಹಾಗೇ ಏಕೆ

ಒಂದು ಎಕರೆಯ 3/8 ಭಾಗದಲ್ಲಿ ರಾಗಿ, ಅದೇ ಎಕರೆಯ 2/5 ಭಾಗದಲ್ಲಿ ಅವರೆ ಬಿತ್ತಿದ್ದಾರೆ. ಒಟ್ಟು ಎಷ್ಟು ಭಾಗ ಬಿತ್ತನೆಯಾಯಿತು? ಹೀಗೆ ಕೇಳಿದರೆ ಪೆನ್ನು ಹುಡುಕಬೇಕಾಗುತ್ತದೆ. ಅದನ್ನೇ 15 ಗುಂಟೆ ರಾಗಿ, 16 ಗುಂಟೆ ಅವರೆ ಅಂದರೆ 31 ಗುಂಟೆ ಎಂದು ಬಾಯಲ್ಲೇ ಉತ್ತರ ಬಂದುಬಿಡುತ್ತದೆ. ಎಕರೆಗೆ 40 ಗುಂಟೆ. 40ರಲ್ಲಿ 3/8 ಎಂದರೆ 15, 2/5 ಎಂದರೆ 16. ಹಾಗಾಗಿ ಉತ್ತರ 31/40 ಎಕರೆ. ಜಮೀನು ಅದೇ, ಬೆಳೆ ಅದೇ. ಎಂಟನೇ ಭಾಗ, ಐದನೇ ಭಾಗ ಎಂಬ ಎರಡು ಬೇರೆ ಅಳತೆಯ ತುಂಡುಗಳನ್ನು ಗುಂಟೆ ಎಂಬ ಒಂದೇ ಅಳತೆಯ ತುಂಡಿಗೆ ಇಳಿಸಿದೆವು, ಅಷ್ಟೆ.

ಬೇರೆ ಬೇರೆ ಛೇದಗಳ ಸಂಕಲನದಲ್ಲಿ ಮಾಡಬೇಕಾದ ನಿಜವಾದ ಕೆಲಸ ಇದೊಂದೇ. ಕೂಡುವುದು ಎಂದರೆ ಎಣಿಸುವುದು. ಒಂದೇ ಅಳತೆಯ ತುಂಡುಗಳನ್ನು ಮಾತ್ರ ಒಟ್ಟಿಗೆ ಎಣಿಸಬಹುದು. ಭಿನ್ನರಾಶಿಯಲ್ಲಿ ಕೆಳಗಿರುವ ಛೇದ ತುಂಡಿನ ಅಳತೆ ಎಷ್ಟೆಂದು ಹೇಳುತ್ತದೆ, ಮೇಲಿರುವ ಅಂಶ ಅಂಥ ತುಂಡುಗಳು ಎಷ್ಟಿವೆ ಎಂದು ಹೇಳುತ್ತದೆ. 3/8 + 2/8 ಮಾಡುವಾಗ ಮೂರು ತುಂಡಿಗೆ ಎರಡು ತುಂಡು ಸೇರಿ ಐದಾಗುತ್ತವೆ. ತುಂಡಿನ ಅಳತೆ ಎಂಟನೇ ಒಂದು ಭಾಗವಾಗಿಯೇ ಉಳಿಯುತ್ತದೆ, ಉತ್ತರ 5/8. ಛೇದವನ್ನು ಯಾಕೆ ಕೂಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅದು ಅಳತೆ, ಎಣಿಕೆಯಲ್ಲ.

ತುಂಡನ್ನು ಮತ್ತೆ ತುಂಡರಿಸುವುದು

2/3 ಅನ್ನು ಹನ್ನೆರಡನೇ ಭಾಗಗಳಲ್ಲಿ ಹೇಳಬೇಕು ಅಂದುಕೊಳ್ಳಿ. ಮೂರನೇ ಒಂದು ಭಾಗದ ಪ್ರತಿ ತುಂಡನ್ನೂ ನಾಲ್ಕು ಸಮಪಾಲು ಮಾಡಿದರೆ ಇಡೀ ವಸ್ತುವಿನಲ್ಲಿ 3 × 4 = 12 ತುಂಡು ಆಗುತ್ತವೆ. ನಮ್ಮ ಬಳಿ ಇದ್ದ ಎರಡು ತುಂಡುಗಳು 2 × 4 = 8 ಆಗುತ್ತವೆ. ಆದ್ದರಿಂದ 2/3 = 8/12. ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸಬೇಕು ಎಂಬ ನಿಯಮ ಹುಟ್ಟಿದ್ದು ಹೀಗೆ. ತುಂಡು ನಾಲ್ಕುಪಟ್ಟು ಚಿಕ್ಕದಾದರೆ ಎಣಿಕೆ ನಾಲ್ಕುಪಟ್ಟು ಹೆಚ್ಚಬೇಕು.

ಈ ಹೆಜ್ಜೆಯಲ್ಲಿ ಎರಡು ರೀತಿಯ ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಛೇದವನ್ನು ಮಾತ್ರ ಬದಲಿಸಿ ಅಂಶವನ್ನು ಹಾಗೇ ಬಿಡುವುದು: 1/4 + 1/6 ಅನ್ನು 1/12 + 1/12 = 2/12 ಎಂದು ಬರೆಯುವುದು. 2/12 ಎಂದರೆ 1/6. ಅಂದರೆ 1/6ಕ್ಕೆ 1/4 ಸೇರಿಸಿದರೂ 1/6ರಷ್ಟೇ ಉಳಿಯಿತು ಎಂದಾಯಿತು! ಸರಿಯಾದದ್ದು 3/12 + 2/12 = 5/12. ಇನ್ನೊಂದು, ಗುಣಿಸುವ ಬದಲು ಮೇಲೂ ಕೆಳಗೂ ಕೂಡುವುದು: 1/2ರ ಛೇದವನ್ನು 6 ಮಾಡಲು ಕೆಳಗೆ 4 ಸೇರಿಸಿ, ಮೇಲೂ 4 ಸೇರಿಸಿ 5/6 ಎಂದು ಬರೆಯುವುದು. ಅರ್ಧ ಇದ್ದದ್ದು ಹೆಚ್ಚುಕಡಿಮೆ ಪೂರ್ತಿಯೇ ಆಗಿಬಿಟ್ಟಿತು. ಕೂಡುವುದರಿಂದ ತುಂಡರಿಸಿದಂತಾಗುವುದಿಲ್ಲ, ಗುಣಿಸಿದರೆ ಮಾತ್ರ ಆಗುತ್ತದೆ.

ಮೇಲಕ್ಕೆ ಮೇಲು, ಕೆಳಕ್ಕೆ ಕೆಳಗು ಕೂಡಿದರೆ

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು 1/2 + 1/3 = 2/5. ಇದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ಮುಂದೆ ಹೋದರೆ ಮಗು ಮುಂದಿನ ವಾರ ಮತ್ತೆ ಅದನ್ನೇ ಬರೆಯುತ್ತದೆ. 2/5 ಅರ್ಧಕ್ಕಿಂತ ಕಡಿಮೆ ಎಂಬುದನ್ನು ತೋರಿಸಬೇಕು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದು ಸಾಧ್ಯವೇ ಇಲ್ಲ. ಇದು ಈ ಒಂದು ಲೆಕ್ಕದ ಆಕಸ್ಮಿಕವೂ ಅಲ್ಲ. ಬೇರೆ ಬೇರೆ ಬೆಲೆಯ ಯಾವ ಎರಡು ಧನ ಭಿನ್ನರಾಶಿಗಳನ್ನು ತೆಗೆದುಕೊಂಡು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದರೂ ಬರುವ ಸಂಖ್ಯೆ ಆ ಎರಡರ ನಡುವೆಯೇ ಬೀಳುತ್ತದೆ. ಮೊತ್ತವೋ ಎರಡಕ್ಕಿಂತಲೂ ದೊಡ್ಡದಿರಬೇಕು. ಹಾಗಾಗಿ ಈ ವಿಧಾನ ಅಪ್ಪಿತಪ್ಪಿಯೂ ಸರಿ ಉತ್ತರ ಕೊಡಲಾರದು.

ಹಾಗಾದರೆ ಮಕ್ಕಳಿಗೆ ಇದು ಇಷ್ಟು ಸಹಜವಾಗಿ ಯಾಕೆ ತೋಚುತ್ತದೆ? ಅಂಕಪಟ್ಟಿಯಲ್ಲಿ ಅವರು ದಿನವೂ ನೋಡುವುದು ಇದನ್ನೇ. ಒಂದು ಕಿರುಪರೀಕ್ಷೆಯಲ್ಲಿ 10ಕ್ಕೆ 7, ಇನ್ನೊಂದರಲ್ಲಿ 20ಕ್ಕೆ 15 ಬಂದರೆ ಒಟ್ಟು 30ಕ್ಕೆ 22. 7/10, 15/20, 22/30 ಎಂದು ಶಿಕ್ಷಕರೇ ಬರೆಯುತ್ತಾರೆ, ಅದು ಸರಿಯೂ ಹೌದು. ಆದರೆ ಅಲ್ಲಿ ಎರಡು ಪರೀಕ್ಷೆಗಳಿವೆ, ಎರಡು ಬೇರೆ 'ಪೂರ್ಣ'ಗಳಿವೆ. ಎರಡನ್ನೂ ಒಟ್ಟುಗೂಡಿಸಿ 30 ಅಂಕದ ಹೊಸ ಪೂರ್ಣ ಮಾಡಿಕೊಂಡಿದ್ದೇವೆ. ಭಿನ್ನರಾಶಿಗಳ ಸಂಕಲನದಲ್ಲಿ ಪೂರ್ಣ ಒಂದೇ: ಅದೇ ಎಕರೆಯ 3/8, ಅದೇ ಎಕರೆಯ 2/5. ಅಂಕಗಳನ್ನು ನಿಜವಾಗಿ ಭಿನ್ನರಾಶಿಗಳಂತೆ ಕೂಡಿದರೆ 14/20 + 15/20 = 29/20 ಬರುತ್ತದೆ, ಅಂಕಪಟ್ಟಿಗೆ ಅದು ಅರ್ಥಹೀನ. ತಪ್ಪನ್ನು ತಿದ್ದುವವರು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಲೇಬೇಕು. ಇಲ್ಲದಿದ್ದರೆ ಒಂದು ಕಡೆ ಸರಿ ಎಂದದ್ದನ್ನು ಇನ್ನೊಂದು ಕಡೆ ತಪ್ಪು ಎಂದರೆ ಮಗು ಗಣಿತವನ್ನೇ ನಂಬುವುದು ಬಿಡುತ್ತದೆ.

ಸಾಮಾನ್ಯ ಛೇದ ಯಾವುದು?

ಗುಂಟೆಯಂಥ ಅಳತೆ ಸಿದ್ಧವಾಗಿದ್ದರೆ ಸುಲಭ, ಆದರೆ ಅದು ಎಲ್ಲ ಭಾಗಗಳಿಗೂ ಒಗ್ಗುವುದಿಲ್ಲ. ಒಂದು ಎಕರೆಯ 1/3 ಎಂದರೆ 13 ಗುಂಟೆ ಮತ್ತೆ ಇನ್ನೂ 1/3 ಗುಂಟೆ. ಗುಂಟೆಗೆ 16 ಆಣೆಯಂತೆ ಇನ್ನೂ ಕೆಳಗಿಳಿದರೂ ಎಕರೆಗೆ 640 ಆಣೆ, ಅದನ್ನು 3 ನಿಶ್ಶೇಷವಾಗಿ ಭಾಗಿಸುವುದಿಲ್ಲ. ಮೂವರು ಅಣ್ಣತಮ್ಮಂದಿರ ಸಮಪಾಲು ಪಹಣಿಯಲ್ಲಿ ಸರಿಯಾಗಿ ಕೂರದಿರುವುದು ಇದಕ್ಕೇ. ಹಳೆಯ ರೂಪಾಯಿ ಈ ವಿಷಯದಲ್ಲಿ ಹೆಚ್ಚು ಉದಾರ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ರೂಪಾಯಿಯ 1/3 ಎಂದರೆ 64 ಪೈ, 1/4 ಎಂದರೆ 48 ಪೈ, ಕೂಡಿದರೆ 112 ಪೈ, ಅಂದರೆ 9 ಆಣೆ 4 ಪೈ. ಭಿನ್ನರಾಶಿಯಲ್ಲಿ ಹೇಳಿದರೆ 7/12 ರೂಪಾಯಿ. ಇಂದಿನ 100 ಪೈಸೆಯಲ್ಲಿ ಮೂರನೇ ಒಂದು ಭಾಗ ಪೂರ್ಣವಾಗಿ ಸಿಗುವುದಿಲ್ಲ.

ಹಾಗಾಗಿ ಸಾಮಾನ್ಯ ಛೇದಕ್ಕೆ ಬೇಕಾದ ಗುಣ ಒಂದೇ: ಕೊಟ್ಟಿರುವ ಪ್ರತಿ ಛೇದವೂ ಅದನ್ನು ಶೇಷವಿಲ್ಲದೆ ಭಾಗಿಸಬೇಕು. ಅಂಥ ಸಂಖ್ಯೆಗಳು ಬೇಕಾದಷ್ಟಿವೆ, ಅವುಗಳಲ್ಲಿ ಚಿಕ್ಕದೇ ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ. ಲ.ಸಾ.ಅ.ವನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆಯೇನೂ ಇಲ್ಲ. ತೆಗೆದುಕೊಂಡರೆ ಕೈಕೆಲಸ ಕಡಿಮೆ.

ಲೆಕ್ಕ ಶುರು ಮಾಡುವ ಮೊದಲು ಛೇದಗಳನ್ನು ಒಮ್ಮೆ ದಿಟ್ಟಿಸಿ ನೋಡುವುದು ಒಳ್ಳೆಯ ಅಭ್ಯಾಸ. ಒಂದು ಛೇದ ಇನ್ನೊಂದನ್ನು ಭಾಗಿಸುತ್ತದೆಯೇ? ಹಾಗಿದ್ದರೆ ದೊಡ್ಡದೇ ಸಾಮಾನ್ಯ ಛೇದ. 5/6 + 7/24ರಲ್ಲಿ 24 ಸಾಕು: 20/24 + 7/24 = 27/24, ಅಂದರೆ 9/8. ಎರಡಕ್ಕೂ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವೇ ಇಲ್ಲವೇ? ಹಾಗಾದರೆ ಎರಡನ್ನೂ ಗುಣಿಸಿ. 3/4 + 2/5ಕ್ಕೆ 20: 15/20 + 8/20 = 23/20. ಈ ಎರಡೂ ಅಲ್ಲದಿದ್ದರೆ ಮಾತ್ರ ಲ.ಸಾ.ಅ. ಹುಡುಕುವ ಕೆಲಸ. 5/12 + 7/18 ಅಂಥದ್ದು. ದೊಡ್ಡ ಛೇದದ ಮಗ್ಗಿ ಹೇಳುತ್ತಾ ಹೋಗಿ: 18 — ಇದನ್ನು 12 ಭಾಗಿಸುವುದಿಲ್ಲ, 36 — ಭಾಗಿಸುತ್ತದೆ. ಅಷ್ಟೇ, 36 ಸಿಕ್ಕಿತು. 36ರಲ್ಲಿ 12 ಮೂರು ಸಲ, ಆದ್ದರಿಂದ 5 × 3 = 15. 36ರಲ್ಲಿ 18 ಎರಡು ಸಲ, ಆದ್ದರಿಂದ 7 × 2 = 14. ಮೊತ್ತ 29/36.

ಇದನ್ನೇ ಓರೆ ಗುಣಾಕಾರದಲ್ಲಿ ಮಾಡಿದರೆ 5 × 18 = 90, 7 × 12 = 84, ಛೇದ 12 × 18 = 216. ಮೊತ್ತ 174/216. ಮೇಲೆ ಕೆಳಗೆ 6ರಿಂದ ಹೊಡೆದರೆ ಅದೇ 29/36. ಓರೆ ಗುಣಾಕಾರ ತಪ್ಪಲ್ಲ. ಆದರೆ ಸಂಖ್ಯೆಗಳು ಉಬ್ಬುತ್ತವೆ, ಉಬ್ಬಿದಷ್ಟೂ ಗುಣಾಕಾರದಲ್ಲಿ ಎಡವುವ ಸಂಭವ ಹೆಚ್ಚು. ಜೊತೆಗೆ ಮೂರು ಭಿನ್ನರಾಶಿಗಳು ಬಂದರೆ ಯಾವುದನ್ನು ಯಾವುದಕ್ಕೆ ಓರೆಯಾಗಿ ಗುಣಿಸಬೇಕೆಂದೇ ತಿಳಿಯುವುದಿಲ್ಲ. ಅದೊಂದನ್ನೇ ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಅನ್ಯಾಯ.

ಮೂರು ಛೇದಗಳಿಗೆ ಶಾಲೆಯ ಭಾಗಾಕಾರ ಕ್ರಮವೇ ಒಳ್ಳೆಯದು. 3/8 + 5/12 + 1/6 ನೋಡಿ. 8, 12, 6 ಸಾಲಾಗಿ ಬರೆದು 2ರಿಂದ ಭಾಗಿಸಿದರೆ 4, 6, 3. ಮತ್ತೆ 2ರಿಂದ 2, 3, 3 (3ನ್ನು 2 ಭಾಗಿಸದ ಕಾರಣ ಅದು ಹಾಗೇ ಇಳಿಯುತ್ತದೆ). ಇನ್ನೊಮ್ಮೆ 2ರಿಂದ 1, 3, 3. ಕೊನೆಗೆ 3ರಿಂದ 1, 1, 1. ಎಡಬದಿಯ ಭಾಜಕಗಳ ಗುಣಲಬ್ಧ 2 × 2 × 2 × 3 = 24. ಮೊತ್ತ 9/24 + 10/24 + 4/24 = 23/24. ಇಲ್ಲಿ ಎಡವುವ ಜಾಗ ಒಂದಿದೆ. ಮೂರನ್ನೂ ಒಟ್ಟಿಗೆ ಭಾಗಿಸುವ ಸಂಖ್ಯೆ ಮುಗಿದ ಕೂಡಲೇ ನಿಲ್ಲಿಸಿದರೆ ಎಡಬದಿಯಲ್ಲಿ ಸಿಗುವುದು ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎಲ್ಲವನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ), ಇಲ್ಲಿ ಬರೀ 2. ಎರಡು ಹೆಸರುಗಳೂ ಒಂದೇ ಥರ ಕೇಳಿಸುವುದರಿಂದ ಪರೀಕ್ಷೆಯ ಆತಂಕದಲ್ಲಿ ಅದಲುಬದಲಾಗುವುದು ಸಾಮಾನ್ಯ. ಲ.ಸಾ.ಅ. ಎಂದು ನೀವು ಕಂಡುಹಿಡಿದ ಸಂಖ್ಯೆ ಅತಿ ದೊಡ್ಡ ಛೇದಕ್ಕಿಂತ ಚಿಕ್ಕದಾಗಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಸಾವಿರ ವರ್ಷ ಹಳೆಯ ಜಾಣತನ

ಲ.ಸಾ.ಅ. ಬಳಸುವ ಈ ಪದ್ಧತಿಗೆ ನಮ್ಮ ನೆಲದ ನಂಟು ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳಿಗೇ ಒಂದು ದೊಡ್ಡ ಅಧ್ಯಾಯ ಮೀಸಲಿಟ್ಟ. ಛೇದಗಳ ಲ.ಸಾ.ಅ.ವನ್ನು 'ನಿರುದ್ಧ' ಎಂದು ಕರೆದು, ಅದನ್ನು ಕಂಡುಹಿಡಿದು ಭಿನ್ನರಾಶಿಗಳನ್ನು ಸಮಚ್ಛೇದಕ್ಕೆ ತರುವ ಬಗೆಯನ್ನು ಹೇಳಿದ. 1150ರಲ್ಲಿ ಭಾಸ್ಕರಾಚಾರ್ಯ 'ಲೀಲಾವತಿ'ಯಲ್ಲಿ ಮೊದಲು ಛೇದಗಳನ್ನು ಪರಸ್ಪರ ಗುಣಿಸುವ ನೇರ ವಿಧಾನ ಕೊಟ್ಟು, ಬುದ್ಧಿವಂತರು ಸಾಮಾನ್ಯ ಅಪವರ್ತನ ತೆಗೆದುಹಾಕಿದ ಛೇದಗಳಿಂದಲೇ ಗುಣಿಸುತ್ತಾರೆ ಎಂದು ಸೇರಿಸಿದ. ಅವನ ಉದಾಹರಣೆ ಇದು: 1/14ರಿಂದ 1/63 ಕಳೆಯಬೇಕು. ಎರಡೂ ಛೇದಗಳ ಮ.ಸಾ.ಅ. 7. ಅದರಿಂದ ಭಾಗಿಸಿದರೆ 2 ಮತ್ತು 9. ಈಗ 14ರ ಭಿನ್ನರಾಶಿಯನ್ನು 9ರಿಂದ, 63ರದನ್ನು 2ರಿಂದ ಗುಣಿಸಿ: 9/126 − 2/126 = 7/126 = 1/18.

ಈ ಉಪಾಯ ದೊಡ್ಡ ಛೇದಗಳಿಗೆ ಬಹಳ ಪ್ರಯೋಜನಕಾರಿ. 5/84 + 7/90 ತೆಗೆದುಕೊಳ್ಳಿ. 90ರಲ್ಲಿ 84 ಕಳೆದರೆ ಉಳಿಯುವುದು 6, 84ನ್ನು 6 ಪೂರ್ತಿ ಭಾಗಿಸುತ್ತದೆ, ಆದ್ದರಿಂದ ಮ.ಸಾ.ಅ. 6. 84 ÷ 6 = 14, 90 ÷ 6 = 15. ಛೇದ 84 × 15 = 1260. ಅಂಶ 5 × 15 + 7 × 14 = 75 + 98 = 173. ಉತ್ತರ 173/1260. ಅವಿಭಾಜ್ಯ ಅಪವರ್ತನಗಳ ಪಟ್ಟಿಯನ್ನೇ ಬರೆಯಬೇಕಾಗಲಿಲ್ಲ.

ಉತ್ತರವನ್ನು ಸಂಕ್ಷೇಪಿಸುವುದು

ಲ.ಸಾ.ಅ. ಬಳಸಿದರೆ ಉತ್ತರ ತಾನಾಗಿಯೇ ಸಂಕ್ಷಿಪ್ತ ರೂಪದಲ್ಲಿ ಬರುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗೇನಿಲ್ಲ. 1/6 + 3/10ರಲ್ಲಿ ಲ.ಸಾ.ಅ. 30; 5/30 + 9/30 = 14/30, ಇದು 7/15ಕ್ಕೆ ಇಳಿಯುತ್ತದೆ. ಆದರೆ ಯಾವ ಸಂಖ್ಯೆಯಿಂದ ಭಾಗ ಹೋಗಬಹುದು ಎಂದು ಕತ್ತಲಲ್ಲಿ ತಡಕಾಡಬೇಕಿಲ್ಲ. ಕೂಡುವ ಎರಡು ಭಿನ್ನರಾಶಿಗಳೂ ಮೊದಲೇ ಸಂಕ್ಷಿಪ್ತ ರೂಪದಲ್ಲಿದ್ದು, ಲ.ಸಾ.ಅ.ವನ್ನೇ ಛೇದವಾಗಿ ಬಳಸಿದ್ದರೆ, ಉತ್ತರದಲ್ಲಿ ಹೊಡೆದುಹಾಕಬಹುದಾದ ಸಂಖ್ಯೆ ಮೂಲ ಛೇದಗಳ ಮ.ಸಾ.ಅ.ದ ಅಪವರ್ತನವೇ ಆಗಿರಬೇಕು. 6 ಮತ್ತು 10ರ ಮ.ಸಾ.ಅ. 2, ಆದ್ದರಿಂದ 14/30ರಲ್ಲಿ 2ನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಭಾಸ್ಕರನ ಲೆಕ್ಕದಲ್ಲಿ ಮ.ಸಾ.ಅ. 7 ಇತ್ತು, 7/126ರಲ್ಲಿ ಹೋದದ್ದೂ 7. 173/1260ರಲ್ಲಿ 2 ಮತ್ತು 3 ಮಾತ್ರ ನೋಡಬೇಕು: 173 ಬೆಸ ಸಂಖ್ಯೆ, ಅಂಕಿಗಳ ಮೊತ್ತ 11, ಎರಡರಿಂದಲೂ ಹೋಗುವುದಿಲ್ಲ, ಕೆಲಸ ಮುಗಿಯಿತು. ಮ.ಸಾ.ಅ. 1 ಆಗಿದ್ದರೆ, 3/4 + 2/5ರಲ್ಲಿ ಇದ್ದಂತೆ, ನೋಡುವ ಅಗತ್ಯವೇ ಇಲ್ಲ. ಇಷ್ಟು ಉಪಯುಕ್ತವಾದ ಮಾತನ್ನು ಶಾಲೆಯಲ್ಲಿ ಹೇಳಿಕೊಡಬೇಕು.

ಹೊಡೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಭಿನ್ನರಾಶಿಗಳ ಗುಣಾಕಾರ ಕಲಿತ ಮೇಲೆ ಕೆಲವರು ಕೂಡುವಾಗಲೂ ಓರೆಯಾಗಿ ಹೊಡೆಯಲು ಶುರುಮಾಡುತ್ತಾರೆ. 2/3 + 3/4ರಲ್ಲಿ 3ಕ್ಕೆ 3, 2ಕ್ಕೆ 4 ಹೊಡೆದರೆ 1/2 ಉಳಿಯುತ್ತದೆ. ಅದು 2/3 × 3/4ರ ಉತ್ತರ. ಮೊತ್ತ 17/12. ನಡುವೆ ಕೂಡುವ ಚಿಹ್ನೆ ಇರುವಾಗ ಒಂದು ಭಿನ್ನರಾಶಿಯ ಅಂಶಕ್ಕೂ ಇನ್ನೊಂದರ ಛೇದಕ್ಕೂ ಯಾವ ವ್ಯವಹಾರವೂ ಇಲ್ಲ.

ಪೂರ್ಣಾಂಕವೂ ಜೊತೆಗಿದ್ದರೆ

ಎರಡೂ ಮುಕ್ಕಾಲಿಗೆ ಒಂದು ಪೂರ್ಣ 5/6 ಕೂಡಬೇಕು. ಇವನ್ನು 11/4, 11/6 ಎಂದು ವಿಷಮ ಭಿನ್ನರಾಶಿಗಳನ್ನಾಗಿ ಮಾಡಿಯೂ ಕೂಡಬಹುದು, ಆದರೆ ಬಿಡಿಯಾಗಿ ಕೂಡುವುದೇ ಸುಲಭ. ಪೂರ್ಣಾಂಕಗಳು 2 + 1 = 3. ಭಿನ್ನ ಭಾಗ 9/12 + 10/12 = 19/12, ಇದರಲ್ಲಿ ಒಂದು ಪೂರ್ಣ ಅಡಗಿದೆ: 1 ಮತ್ತು 7/12. ಒಟ್ಟು 4 ಪೂರ್ಣ 7/12. ಆ ಒಂದನ್ನು 3ಕ್ಕೆ ಸೇರಿಸಲು ಮರೆತು 3 ಪೂರ್ಣ 7/12 ಎಂದು ಬರೆಯುವವರು ಬಹಳ ಮಂದಿ. 2.75ಕ್ಕೆ ಸುಮಾರು 1.8 ಸೇರಿದರೆ ನಾಲ್ಕೂವರೆ ಆಗಬೇಕಲ್ಲ ಎಂದು ಯೋಚಿಸಿದರೆ ತಪ್ಪು ಕೂಡಲೇ ಕಾಣುತ್ತದೆ.

ಕಳೆಯುವಾಗ ಇನ್ನೂ ಸೂಕ್ಷ್ಮ. ಐದೂಕಾಲರಿಂದ 2 ಪೂರ್ಣ 2/3 ಕಳೆಯಬೇಕು. ಸಮಚ್ಛೇದ ಮಾಡಿದರೆ 5 ಪೂರ್ಣ 3/12ರಿಂದ 2 ಪೂರ್ಣ 8/12. 3ರಿಂದ 8 ಹೋಗದು, 5ರಿಂದ ಒಂದು ಸಾಲ ತರಬೇಕು. ತಂದ ಆ ಒಂದು 12/12 ಆಗಿ ಬರುತ್ತದೆ, ಹತ್ತಾಗಿ ಅಲ್ಲ. ಹಾಗಾಗಿ 4 ಪೂರ್ಣ 15/12ರಿಂದ 2 ಪೂರ್ಣ 8/12 ಕಳೆದರೆ 2 ಪೂರ್ಣ 7/12. ಪೂರ್ಣಸಂಖ್ಯೆಗಳ ವ್ಯವಕಲನದ ರೂಢಿಯಲ್ಲಿ 3ರ ಮುಂದೆ 1 ಬರೆದು 13/12 ಮಾಡಿಕೊಂಡರೆ ಉತ್ತರ 2 ಪೂರ್ಣ 5/12 ಆಗಿ ಕೆಡುತ್ತದೆ.

ಇದೇ ತಪ್ಪು ದೊಡ್ಡವರ ವ್ಯವಹಾರದಲ್ಲೂ ನುಸುಳುತ್ತದೆ. 1 ಎಕರೆ 30 ಗುಂಟೆಯನ್ನೂ 2 ಎಕರೆ 25 ಗುಂಟೆಯನ್ನೂ ಕ್ಯಾಲ್ಕುಲೇಟರಿನಲ್ಲಿ 1.30 + 2.25 ಎಂದು ಒತ್ತಿದರೆ 3.55 ಬರುತ್ತದೆ. 55 ಗುಂಟೆಯಲ್ಲಿ ಒಂದು ಎಕರೆ 15 ಗುಂಟೆ ಇದೆ, ಆದ್ದರಿಂದ ಸರಿ ಉತ್ತರ 4 ಎಕರೆ 15 ಗುಂಟೆ. ಕ್ರಿಕೆಟ್ಟಿನ 4.3 ಓವರಿಗೆ 3.4 ಓವರು ಸೇರಿದರೆ 7.7 ಅಲ್ಲ, 8.1. ಚುಕ್ಕಿಯ ಮುಂದಿರುವುದು ಹತ್ತನೇ ಭಾಗಗಳಲ್ಲ, ಆರನೇ ಭಾಗಗಳು.

ಅಂದಾಜು ಮೊದಲು

1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಶೈಕ್ಷಣಿಕ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: 12/13 + 7/8 ಯಾವುದಕ್ಕೆ ಹತ್ತಿರ? ಆಯ್ಕೆಗಳು 1, 2, 19, 21. ಎರಡೂ ಭಿನ್ನರಾಶಿಗಳು ಒಂದಕ್ಕೆ ತೀರ ಸಮೀಪ, ಆದ್ದರಿಂದ ಉತ್ತರ 2. ಅದನ್ನು ಆರಿಸಿದವರು ಶೇ. 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದರು. 12ಕ್ಕೆ 7 ಕೂಡಿದರೆ 19, 13ಕ್ಕೆ 8 ಕೂಡಿದರೆ 21. ಆ ಮಕ್ಕಳ ಕಣ್ಣಿಗೆ ಬಿದ್ದದ್ದು ನಾಲ್ಕು ಪೂರ್ಣಸಂಖ್ಯೆಗಳು, ಎರಡು ಭಿನ್ನರಾಶಿಗಳಲ್ಲ. ಆದ್ದರಿಂದ ಲ.ಸಾ.ಅ.ಕ್ಕೆ ಕೈ ಹಾಕುವ ಮುನ್ನ ಪ್ರತಿ ಭಿನ್ನರಾಶಿ ಸೊನ್ನೆಗೆ ಹತ್ತಿರವೋ, ಅರ್ಧಕ್ಕೋ, ಒಂದಕ್ಕೋ ಎಂದು ಕೇಳಿಕೊಳ್ಳಬೇಕು. 5/12 ಅರ್ಧಕ್ಕಿಂತ ಸ್ವಲ್ಪ ಕಡಿಮೆ, 7/18 ಕೂಡ ಅರ್ಧಕ್ಕಿಂತ ಕಡಿಮೆ, ಮೊತ್ತ ಒಂದನ್ನು ಮುಟ್ಟಬಾರದು. 29/36 ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ದಶಮಾಂಶಕ್ಕೆ ಬದಲಿಸಿ ಕೂಡಿದರೆ ಆಗದೇ ಎನ್ನುವವರಿದ್ದಾರೆ. ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ಧಾರಾಳವಾಗಿ ಆಗುತ್ತದೆ: 3/8 + 2/5 = 0.375 + 0.4 = 0.775. ಆದರೆ 1/3ನ್ನು 0.33 ಎಂದು ಬರೆದು ಮೂರು ಸಲ ಕೂಡಿದರೆ 0.99, ಒಂದು ಪೂರ್ಣವಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗಳ ಕಾಲ ಮತ್ತು ಕೆಲಸದ ಲೆಕ್ಕಗಳು ಈ ಸಂಕಲನದ ಮೇಲೆಯೇ ನಿಂತಿವೆ. ಒಂದು ಕೆಲಸವನ್ನು ಒಬ್ಬರು 12 ದಿನದಲ್ಲಿ, ಇನ್ನೊಬ್ಬರು 18 ದಿನದಲ್ಲಿ ಮುಗಿಸುತ್ತಾರೆ. ಇಬ್ಬರೂ ಸೇರಿದರೆ ಎಷ್ಟು ದಿನ? ದಿನಗಳನ್ನು ಕೂಡಿ 30 ಎನ್ನುವಂತಿಲ್ಲ, ಸರಾಸರಿ ತೆಗೆದು 15 ಎನ್ನುವಂತೆಯೂ ಇಲ್ಲ. ಕೂಡಬೇಕಾದದ್ದು ಒಂದು ದಿನದಲ್ಲಿ ಆಗುವ ಕೆಲಸವನ್ನು: 1/12 + 1/18 = 3/36 + 2/36 = 5/36. ಕೆಲಸವನ್ನು 36 ಸಮಪಾಲು ಮಾಡಿದರೆ ಮೊದಲನೆಯವರು ದಿನಕ್ಕೆ 3 ಪಾಲು, ಎರಡನೆಯವರು 2 ಪಾಲು, ಇಬ್ಬರೂ ಸೇರಿ 5 ಪಾಲು ಮುಗಿಸುತ್ತಾರೆ. 36 ಪಾಲಿಗೆ 36 ÷ 5, ಅಂದರೆ 7 ಪೂರ್ಣ 1/5 ದಿನ. 5/36ನ್ನೇ ಉತ್ತರ ಎಂದು ಬರೆದು ನಿಲ್ಲಿಸುವವರು ಕೇಳಿದ್ದು ದಿನವೋ ಕೆಲಸವೋ ಎಂದು ಪ್ರಶ್ನೆಯನ್ನು ಇನ್ನೊಮ್ಮೆ ಓದಬೇಕು. ಬಂದ ಉತ್ತರ 12ಕ್ಕಿಂತ ಕಡಿಮೆ ಇದೆಯೇ ಎಂದೂ ನೋಡಬೇಕು, ಏಕೆಂದರೆ ಜೊತೆಗೊಬ್ಬರು ಕೈಜೋಡಿಸಿದ ಮೇಲೆ ಕೆಲಸ ತಡವಾಗಲಾರದು.